ಕಾಡು ಹಬ್ಬಿದ ಹಿತ್ತಲು ಹೂದೋಟವಾಗುವ ಬಗೆ

ಎರಡು ಮಳೆಗಾಲ ಯಾರೂ ಕೈಯಾಡಿಸದಿದ್ದರೆ ಮನೆಯ ಹಿತ್ತಲು ಕಾಡಾಗುತ್ತದೆ. ಮೊದಲ ಮಳೆಗೆ ಮೇಲೇಳುವುದು ಬೇಗ ಬೆಳೆದು ಬೇಗ ಬೀಜ ಕಟ್ಟುವ ಕಳೆಗಳು. ಬಯಲುಸೀಮೆಯಲ್ಲಿ ಪಾರ್ಥೇನಿಯಂ, ಉತ್ತರಾಣಿ. ಕರಾವಳಿ ಮಲೆನಾಡುಗಳಲ್ಲಿ ನಾಚಿಕೆಮುಳ್ಳು. ಅವುಗಳ ಬುಡದಲ್ಲಿ ಸದ್ದಿಲ್ಲದೆ ಗರಿಕೆ, ಜೇಕು ಹರಡಿಕೊಳ್ಳುತ್ತವೆ. ಮರುವರ್ಷ ಬೇಲಿಯ ಕಡೆಯಿಂದ ಲಂಟಾನ, ಕಮ್ಯುನಿಸ್ಟ್ ಗಿಡ ಒಳಗೆ ಕಾಲಿಡುತ್ತವೆ, ಬಳ್ಳಿಗಳು ದಾಸವಾಳದ ತಲೆ ಮುಚ್ಚುತ್ತವೆ. ಕಾಂಪೌಂಡಿನ ಮೇಲೆ ಕೂತ ಹಕ್ಕಿಗಳ ಹಿಕ್ಕೆಯಿಂದ ಅರಳಿ, ಅತ್ತಿ, ಬೇವಿನ ಸಸಿಗಳು ಹುಟ್ಟುತ್ತವೆ. ಇವುಗಳಲ್ಲಿ ಅರಳಿಯದೇ ಹೆಚ್ಚಿನ ಕಾಟ. ಗೋಡೆಯ ಬಿರುಕಿನಲ್ಲಿ ಬೇರು ಬಿಟ್ಟ ಅರಳಿ ಸಸಿಯನ್ನು ಬೆರಳುದ್ದ ಇರುವಾಗಲೇ ಕೀಳದಿದ್ದರೆ, ಆಮೇಲೆ ಗೋಡೆಯನ್ನೇ ಒಡೆದು ತೆಗೆಯಬೇಕಾಗುತ್ತದೆ.

ಇಂಥ ಹಿತ್ತಲನ್ನು ಕಂಡೊಡನೆ ಜೆಸಿಬಿ ಕರೆಸಿ ಒಂದೇ ದಿನದಲ್ಲಿ ಬಯಲು ಮಾಡಿಬಿಡುವ ರೂಢಿ ಈಗ ಊರೂರಿಗೂ ಬಂದಿದೆ. ಇದರಷ್ಟು ನಷ್ಟದ ಕೆಲಸ ಇನ್ನೊಂದಿಲ್ಲ. ಯಂತ್ರದ ಹಲ್ಲು ಕಳೆಯ ಜೊತೆಗೆ ಮೇಲಿನ ಅರ್ಧ ಅಡಿ ಫಲವತ್ತಾದ ಮಣ್ಣನ್ನೂ ಕೆರೆದು ಒಯ್ಯುತ್ತದೆ. ಒಳಗೆ ಹೂತಿದ್ದ ಜೇಕಿನ ಗಡ್ಡೆಗಳನ್ನು ಚೂರು ಮಾಡಿ ಇಡೀ ಜಾಗಕ್ಕೆ ಬಿತ್ತುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ತಲೆಮಾರಿನವರು ನೆಟ್ಟು ಹೋದ ಗಿಡಗಳು ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ. ಹಳೆಯ ಮನೆಯ ಹಿತ್ತಲೆಂದರೆ ಪೊದೆಯೊಳಗೆ ಒಂದು ಜಾಜಿ ಬಳ್ಳಿಯೋ ಕೇಪಳದ ಗಿಡವೋ ಇದ್ದೇ ಇರುತ್ತದೆ. ಮಣ್ಣಿನಡಿ ಸುಗಂಧರಾಜದ ಗಡ್ಡೆಯೋ ಮೇ ಫ್ಲವರ್ ಗಡ್ಡೆಯೋ ಮಲಗಿರುತ್ತದೆ. ಕರಾವಳಿಯ ಕಡೆಯಾದರೆ ಮೂಲೆಯ ಮರ ಸುರಗಿಯೋ ರಂಜೆಯೋ ಆಗಿದ್ದೀತು. ಹೂ ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳದ ಸುರಗಿಯಂಥ ಮರವನ್ನು ಗುರುತಿಸದೆ ಕಡಿದರೆ ಮತ್ತೆ ಬೆಳೆಸಲು ಒಂದು ಆಯುಸ್ಸೇ ಬೇಕು.

ಆದ್ದರಿಂದ ಕತ್ತಿ ಹಿಡಿಯುವ ಮೊದಲು ಹಿತ್ತಲನ್ನು ನೋಡುವ ಕೆಲಸವಿದೆ. ಒಂದು ಹಾಳೆಯ ಮೇಲೆ ಮನೆ, ಬಾವಿ, ಬಚ್ಚಲ ನೀರು ಹೋಗುವ ದಾರಿ, ದೊಡ್ಡ ಮರಗಳನ್ನು ಗುರುತು ಹಾಕಿಕೊಂಡು, ಬೆಳಗ್ಗೆ ಒಂಬತ್ತಕ್ಕೆ, ನಡುಹಗಲಿಗೆ, ಸಂಜೆ ನಾಲ್ಕಕ್ಕೆ ಎಲ್ಲೆಲ್ಲಿ ಬಿಸಿಲು ಬೀಳುತ್ತದೆಂದು ಬರೆದಿಡಬೇಕು. ಉಳಿಸಿಕೊಳ್ಳಬೇಕಾದ ಗಿಡಗಳ ರೆಂಬೆಗೆ ಬಣ್ಣದ ಬಟ್ಟೆ ಕಟ್ಟಿದರೆ ಕೆಲಸಕ್ಕೆ ಬಂದವರ ಕತ್ತಿಗೆ ಅವು ಸಿಗುವುದಿಲ್ಲ. ಹೆಸರು ತಿಳಿಯದ ಗಿಡವನ್ನು ಮೊದಲ ವರ್ಷ ಬಿಟ್ಟುಬಿಡುವುದೇ ಒಳ್ಳೆಯದು. ಹೂ ಬಿಟ್ಟಾಗ ಅದೇನೆಂದು ಗೊತ್ತಾಗುತ್ತದೆ. ಅಕ್ಕಪಕ್ಕದ ಹಿರಿಯರನ್ನು ಒಮ್ಮೆ ಕರೆದು ತೋರಿಸಿದರೆ ಅರ್ಧ ಹಿತ್ತಲಿನ ಗುರುತು ಅಲ್ಲೇ ಸಿಕ್ಕಿಬಿಡುತ್ತದೆ. ಅವರು ಕಳೆಯೆಂದು ಒಪ್ಪದ ಗಿಡಗಳೂ ಇರುತ್ತವೆ. ಒಂದೆಲಗ, ನೆಲನೆಲ್ಲಿ, ಹೊನಗನ್ನೆ, ಗಣಿಕೆ ಸೊಪ್ಪು, ತುಂಬೆ, ಇವೆಲ್ಲ ಅಡುಗೆಗೋ ಮದ್ದಿಗೋ ಪೂಜೆಗೋ ಬೇಕಾದವು. ಇವುಗಳಿಗೆ ಒಂದು ಮೂಲೆ ಬಿಟ್ಟುಕೊಟ್ಟರೆ ಹೂದೋಟಕ್ಕೇನೂ ಕೊರತೆಯಾಗುವುದಿಲ್ಲ.

ಕರ್ನಾಟಕದ ಹೆಚ್ಚಿನ ಭಾಗಗಳಲ್ಲಿ ಹಿತ್ತಲು ಬಿಡಿಸಲು ಅಕ್ಟೋಬರ್, ನವೆಂಬರ್ ತಿಂಗಳು ಹೇಳಿ ಮಾಡಿಸಿದ ಕಾಲ. ಮುಂಗಾರಿನ ಅಬ್ಬರ ಇಳಿದಿರುತ್ತದೆ, ಮಣ್ಣು ಮಾತ್ರ ಇನ್ನೂ ಹಸಿಯಾಗಿರುವುದರಿಂದ ಬೇರು ಸಮೇತ ಗಿಡ ಕೈಗೆ ಬರುತ್ತದೆ. ಅನೇಕ ಕಳೆಗಳು ಹೂವಿನ ಹಂತದಲ್ಲಿರುತ್ತವೆ, ಬೀಜ ಉದುರಿರುವುದಿಲ್ಲ. ಇದೇ ಕೆಲಸವನ್ನು ಮಾರ್ಚಿಗೆ ದೂಡಿದರೆ ಎರೆಮಣ್ಣಿನ ನೆಲ ಕಲ್ಲಾಗಿರುತ್ತದೆ, ಕಳೆ ಅರ್ಧಕ್ಕೇ ತುಂಡಾಗಿ ಬುಡ ಒಳಗೇ ಉಳಿಯುತ್ತದೆ, ಉದುರಿದ ಬೀಜ ಮುಂದಿನ ಮಳೆಗೆ ಕಾದಿರುತ್ತದೆ.

ಪೊದೆಗೆ ಕೈ ಹಾಕುವವರಿಗೆ ಮೊದಲ ಅಪಾಯ ಹಾವಿನದು. ಒಣ ಎಲೆಯ ನಡುವೆ ಕೊಳಕುಮಂಡಲ ಮಲಗಿದ್ದರೆ ಕಾಣುವುದೇ ಇಲ್ಲ. ಕಲ್ಲಿನ ರಾಶಿ, ಹಳೆಯ ಇಟ್ಟಿಗೆ, ಇಲಿಬಿಲಗಳಲ್ಲಿ ನಾಗರಹಾವು, ಕಟ್ಟುಹಾವು ಇರಬಹುದು. ಮೊಣಕಾಲಿನವರೆಗಿನ ಗಂಬೂಟು, ದಪ್ಪ ಕೈಗವಸು ಹಾಕಿಕೊಂಡು, ಉದ್ದ ಕೋಲಿನಿಂದ ನೆಲ ಬಡಿಯುತ್ತ ಮುಂದೆ ಸಾಗಬೇಕು. ಕೈಯನ್ನು ನೇರವಾಗಿ ರಾಶಿಯೊಳಗೆ ತೂರಿಸಬಾರದು. ಮನೆಯ ಬಾಗಿಲಿನಿಂದ ಹೊರಟು ಬೇಲಿಯ ಕಡೆಗೆ ಬಿಡಿಸುತ್ತ ಹೋದರೆ ಒಳಗಿದ್ದ ಪ್ರಾಣಿಗಳಿಗೆ ಹೊರಗೆ ಹೋಗಲು ದಾರಿ ಇರುತ್ತದೆ. ಬೇಲಿಯಿಂದ ಮನೆಯ ಕಡೆಗೆ ಬಂದರೆ ಅವು ಮನೆಯೊಳಗೇ ನುಗ್ಗಿಯಾವು. ಹಾವು ಕಚ್ಚಿದರೆ ಬಟ್ಟೆ ಬಿಗಿದು ಕಟ್ಟುವುದು, ಗಾಯ ಕೊಯ್ಯುವುದು, ರಕ್ತ ಹೀರುವುದು ಯಾವುದೂ ಕೂಡದು; ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಬೇರೆ ಅಪಾಯಗಳೂ ಇವೆ. ಬಳ್ಳಿ ಮುಚ್ಚಿದ ಹಾಳುಬಾವಿ, ಚಪ್ಪಡಿ ಸಡಿಲವಾದ ಪಾಯಿಖಾನೆ ಗುಂಡಿ ಎಲ್ಲಿದೆಯೆಂದು ಮೊದಲೇ ಕೇಳಿ ತಿಳಿದಿರಬೇಕು. ಬೇಲಿಯ ಮೇಲೆ ನಸುಗುನ್ನಿ ಬಳ್ಳಿಯಿದ್ದರೆ ಅದರ ಕಾಯಿ ಒಣಗುವ ಮುನ್ನವೇ ತೆಗೆಯಬೇಕು. ಒಣಕಾಯಿಯ ಕಂದು ರೋಮ ಗಾಳಿಗೆ ಹಾರಿ ಮೈಗೆ ತಾಗಿದರೆ ತುರಿಕೆ ತಡೆಯಲಾಗದು. ಕಡಜದ ಗೂಡು ಕಂಡರೆ ಆ ರೆಂಬೆಯನ್ನು ಅಂದು ಮುಟ್ಟದಿರುವುದೇ ಲೇಸು.

ಕಳೆಗಳಲ್ಲಿ ಒಂದೊಂದರದು ಒಂದೊಂದು ಸ್ವಭಾವ. ಅದನ್ನು ಅರಿತರೆ ಅರ್ಧ ಶ್ರಮ ಉಳಿಯುತ್ತದೆ. ಪಾರ್ಥೇನಿಯಂ ಅಥವಾ ಜನ ಕರೆಯುವ ಕಾಂಗ್ರೆಸ್ ಗಿಡ ಉಷ್ಣವಲಯದ ಅಮೆರಿಕದ್ದು. 1950ರ ದಶಕದಲ್ಲಿ ಪುಣೆಯ ಆಸುಪಾಸಿನಲ್ಲಿ ಗಮನಕ್ಕೆ ಬಂದು ಅಲ್ಲಿಂದ ದೇಶವೆಲ್ಲ ಹರಡಿತು. ಮೊಳೆತು ನಾಲ್ಕರಿಂದ ಆರು ವಾರಗಳಲ್ಲೇ ಹೂ ಬಿಡುತ್ತದೆ, ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹಾಗಾಗಿ ಇದನ್ನು ಬಿಳಿ ಹೂ ಕಾಣುವ ಮೊದಲೇ ಕೀಳಬೇಕು. ಬರಿಗೈಯಲ್ಲಿ ಮುಟ್ಟಿದವರಲ್ಲಿ ಕೆಲವರಿಗೆ ಚರ್ಮ ಕೆಂಪಗಾಗಿ ಬಿರಿಯುತ್ತದೆ, ಪರಾಗದಿಂದ ಉಬ್ಬಸ ಬರುವುದೂ ಉಂಟು. ಕೈಗವಸು, ಮೂಗಿಗೆ ಬಟ್ಟೆ ಬೇಕೇ ಬೇಕು. ಎಲೆಗಳನ್ನು ಜರಡಿಯಾಗುವಂತೆ ತಿಂದ, ಬಿಳಿಯ ಮೈಮೇಲೆ ಕಪ್ಪು ಗೆರೆಗಳಿರುವ ಪುಟ್ಟ ದುಂಬಿ ಈ ಗಿಡದ ಮೇಲೆ ಕಂಡರೆ ಅದನ್ನು ಕೊಲ್ಲಬಾರದು. ಪಾರ್ಥೇನಿಯಂ ತಿನ್ನಿಸಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೀರುಂಡೆ ಅದು.

ಜೇಕು ಅಥವಾ ಕೊನ್ನಾರಿ ಇನ್ನೂ ಹಟದ್ದು. ಮೇಲಿನ ಹುಲ್ಲು ಸವರಿದರೆ ಅದಕ್ಕೆ ಏನೂ ಆಗುವುದಿಲ್ಲ. ನೆಲದಡಿ ಸರಪಳಿಯಂತೆ ಕಟ್ಟಿಕೊಂಡ ಗಡ್ಡೆಗಳಿಂದ ವಾರದೊಳಗೆ ಮತ್ತೆ ಏಳುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ಅದರ ಚೂಪಾದ ಮೊಳಕೆ ತೂತು ಕೊರೆದು ಮೇಲೆ ಬರುತ್ತದೆ. ಹೆಚ್ಚಿನ ಗಡ್ಡೆಗಳು ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ ಇರುವುದರಿಂದ, ಮಣ್ಣು ಸಡಿಲ ಮಾಡಿ ಗಡ್ಡೆ ಸಮೇತ ಆರಿಸಿ ತೆಗೆದು, ಹೊಸ ಗರಿ ಕಂಡಾಗಲೆಲ್ಲ ಮತ್ತೆ ಮತ್ತೆ ಕೀಳುವುದೊಂದೇ ದಾರಿ. ಪ್ರತಿ ಸಲ ಚಿಗುರಲು ಗಡ್ಡೆ ತನ್ನ ಕೂಡಿಟ್ಟ ಆಹಾರವನ್ನು ಖರ್ಚು ಮಾಡುತ್ತದೆ. ಎಲೆಗೆ ಬಿಸಿಲು ಕುಡಿಯಲು ಬಿಡದಿದ್ದರೆ ಕೊನೆಗೆ ಬಸವಳಿಯುತ್ತದೆ. ಗರಿಕೆಗೂ ಇದೇ ಉಪಾಯ, ಆದರೆ ಅದನ್ನು ಪೂರ್ತಿ ಹೊರದೂಡುವ ಅಗತ್ಯವಿಲ್ಲ. ಗಣಪತಿಯ ಪೂಜೆಗೆ ಒಂದು ತುಂಡು ನೆಲದಲ್ಲಿ ಉಳಿಸಿಕೊಂಡು, ಹೂಪಾತಿಯ ಸುತ್ತ ಗೇಣುದ್ದ ಆಳಕ್ಕೆ ಇಟ್ಟಿಗೆ ಹೂತರೆ ಒಳಗೆ ನುಸುಳುವುದು ಕಡಿಮೆಯಾಗುತ್ತದೆ.

ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಗೆ ಅಲಂಕಾರದ ಗಿಡವಾಗಿ ಬಂದದ್ದು. ಈಗ ಬಂಡೀಪುರದಿಂದ ಮಲೆಮಹದೇಶ್ವರ ಬೆಟ್ಟದವರೆಗೆ ಕಾಡುಗಳನ್ನೇ ನುಂಗಿದೆ. ಅದರ ರೆಂಬೆಗಳನ್ನು ಮೊದಲು ಸವರಿ, ಆಮೇಲೆ ಹಾರೆಯಿಂದ ಬುಡದ ಗಂಟನ್ನು ಮೀಟಿ ಕಿತ್ತು, ಬೇರು ಮೇಲಾಗಿ ಮಗುಚಿ ಒಣಗಿಸಬೇಕು. ಗಂಟು ಒಳಗೆ ಉಳಿದರೆ ಹಳೆಯ ಬುಡದಿಂದಲೇ ಚಿಗುರುತ್ತದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಮೇಜು ಕಟ್ಟುತ್ತಾರೆ. ಹಿತ್ತಲಿನಲ್ಲಿ ಸಿಕ್ಕ ನೇರವಾದ ಕಡ್ಡಿಗಳನ್ನೂ ಸೇವಂತಿಗೆ, ಡೇಲಿಯಾಗಳಿಗೆ ಊರುಗೋಲಾಗಿ ಬಳಸಬಹುದು. ಚೆನ್ನಾಗಿ ಒಣಗಿಸಿಯೇ ನೆಡಬೇಕು, ಹಸಿ ಕಡ್ಡಿ ಬೇರು ಬಿಟ್ಟೀತು.

ಕಳೆನಾಶಕ ಸಿಂಪಡಿಸುವ ಸಲಹೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಮನೆಯಂಗಳಕ್ಕೆ ಅದು ತಕ್ಕದ್ದಲ್ಲ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಕೀಟನಿಯಂತ್ರಣ ವೃತ್ತಿಯವರಿಗೆ ಮಾತ್ರ ಸೀಮಿತಗೊಳಿಸಿತು. ಬಾವಿಯಿರುವ, ಮಕ್ಕಳು ಆಡುವ, ಸೊಪ್ಪು ಕೊಯ್ಯುವ ನೆಲಕ್ಕೆ ವಿಷ ಹಾಕುವುದಕ್ಕಿಂತ ನಾಲ್ಕು ದಿನ ಹೆಚ್ಚು ಬೆವರು ಸುರಿಸುವುದು ಮೇಲು. ಬೇಸಿಗೆಯವರೆಗೆ ಕಾಯಲು ಆಗುವವರಿಗೆ ಇನ್ನೊಂದು ಉಪಾಯವಿದೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಅಗೆದು, ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆ ಮಣ್ಣು ಮುಚ್ಚಿ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ, ಒಳಗಿನ ಕಾವಿಗೆ ಬಹುಪಾಲು ಕಳೆಬೀಜ ಸಾಯುತ್ತದೆ. ಜೇಕಿನ ಗಡ್ಡೆಗೆ ಮಾತ್ರ ಇದೂ ಅಷ್ಟಾಗಿ ನಾಟುವುದಿಲ್ಲ.

ಬಿಡಿಸಿ ರಾಶಿ ಹಾಕಿದ ಸೊಪ್ಪುಸದೆಗೆ ಬೆಂಕಿ ಇಡುವುದು ಎಲ್ಲ ಕಡೆ ಕಾಣುವ ದೃಶ್ಯ. ಅದು ಹಿತ್ತಲಿನದೇ ಸಾರವನ್ನು ಹೊಗೆಯಾಗಿ ಕಳೆದುಕೊಳ್ಳುವ ಕೆಲಸ. ಒಂದು ಮೂಲೆಯಲ್ಲಿ ಮೂರಡಿ ಎತ್ತರಕ್ಕೆ ಒಣ ಎಲೆ ಎರಡು ಪಾಲು, ಹಸಿಸೊಪ್ಪು ಒಂದು ಪಾಲಿನಂತೆ ಪದರ ಪದರವಾಗಿ ಒಟ್ಟಿ, ಪದರಕ್ಕೊಮ್ಮೆ ಸೆಗಣಿ ಬಗ್ಗಡ ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಕಪ್ಪನೆಯ ಗೊಬ್ಬರ ಕೈಗೆ ಬರುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟು ಮಾತ್ರ ತೇವ ಇರಬೇಕು. ಬೀಜ ಬಲಿತ ಪಾರ್ಥೇನಿಯಂ, ಜೇಕಿನ ಗಡ್ಡೆ, ಗರಿಕೆಯ ಬೇರು ಈ ರಾಶಿಗೆ ಬೀಳಬಾರದು. ಅವನ್ನು ಬಿಸಿಲಿನಲ್ಲಿ ಸಿಮೆಂಟಿನ ಮೇಲೆ ಹರವಿ ಪೂರ್ತಿ ಒಣಗಿಸಬೇಕು. ಮಲೆನಾಡಿನಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ತಂದು ಗಿಡದ ಬುಡಕ್ಕೆ ಹಾಸುವ ಒಳ್ಳೆಯ ರೂಢಿಯಿದೆ. ಆದರೆ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಊರುಗಳಲ್ಲಿ ಕಾಡಿನ ದರಗನ್ನು ಮನೆಯ ಬಳಿಗೆ ತರದಿರುವುದೇ ಕ್ಷೇಮ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಹರಡುವುದು ಉಣುಗುಗಳಿಂದ. ಒಣ ತಿಂಗಳುಗಳಲ್ಲಿ ಅವುಗಳ ಮರಿಗಳು ತರಗೆಲೆಯ ನಡುವೆ ಹೇರಳವಾಗಿರುತ್ತವೆ.

ರಾಶಿಯ ತಂಪಿನಲ್ಲಿ ಸೇರಿಕೊಳ್ಳುವ ಇನ್ನೊಂದು ಜೀವಿ ಆಫ್ರಿಕದ ದೈತ್ಯ ಬಸವನಹುಳು. 1847ರಲ್ಲಿ ಕಲ್ಕತ್ತೆಗೆ ಬಂದ ಈ ಹುಳು ಇಂದು ಮಳೆಗಾಲದಲ್ಲಿ ಕರ್ನಾಟಕದ ಎಷ್ಟೋ ತೋಟಗಳ ಎಳೆಯ ಸಸಿಗಳನ್ನು ರಾತ್ರೋರಾತ್ರಿ ಮುಗಿಸುತ್ತದೆ. ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಸಂಜೆ ಹೊತ್ತು ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ, ಎಲೆಕೋಸಿನ ತುಂಡು ಇಟ್ಟರೆ ಬೆಳಗಾಗುವಾಗ ಅದರಡಿ ಕೂಡಿರುತ್ತವೆ. ಮನುಷ್ಯನ ಮಿದುಳಿಗೆ ಸೋಂಕು ತರುವ ಒಂದು ಜಂತು ಇದರ ಮೈಯಲ್ಲಿರಬಹುದು. ಆದ್ದರಿಂದ ಬರಿಗೈಯಲ್ಲಿ ಮುಟ್ಟದೆ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು.

ಪೊದೆ ಸರಿದ ಮೇಲೆ ಉಳಿದುಬಂದ ಹಳೆಯ ಹೂಗಿಡಗಳು ಸಾಮಾನ್ಯವಾಗಿ ನೋಡಲು ಬಡಕಲಾಗಿರುತ್ತವೆ. ಬೆಳಕಿಗೆ ಹಾತೊರೆದು ಉದ್ದುದ್ದ ಬೆಳೆದು, ತುದಿಯಲ್ಲಿ ಮಾತ್ರ ನಾಲ್ಕು ಎಲೆ. ಇವನ್ನು ಕಿತ್ತೆಸೆದು ನರ್ಸರಿಯಿಂದ ಹೊಸತು ತರುವವರೇ ಹೆಚ್ಚು. ಬೇರು ಗಟ್ಟಿಯಿರುವ ಹಳೆಯ ಗಿಡಕ್ಕೆ ಸರಿಯಾದ ಕತ್ತರಿ ಬಿದ್ದರೆ ಅದು ಒಂದೇ ವರ್ಷದಲ್ಲಿ ಕೊಡುವಷ್ಟು ಹೂವನ್ನು ಹೊಸ ಸಸಿ ಮೂರು ವರ್ಷಕ್ಕೂ ಕೊಡಲಾರದು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ಮೇಲೆ. ಮೊಣಕಾಲೆತ್ತರಕ್ಕೆ ಕತ್ತರಿಸಿದರೂ ಸುತ್ತಲೂ ಕವಲೊಡೆದು ಬರುತ್ತದೆ. ನಂದಿಬಟ್ಟಲು, ಕೇಪಳ, ರತ್ನಗಂಧಿಗಳೂ ಹೀಗೆಯೇ. ಆದರೆ ಒಂದೇ ಸಲಕ್ಕೆ ಎಲ್ಲ ರೆಂಬೆ ತೆಗೆಯುವುದಕ್ಕಿಂತ ಮೊದಲ ವರ್ಷ ಮೂರರಲ್ಲೊಂದು ಪಾಲು ಹಳೆಯ ಕಾಂಡವನ್ನು ಬುಡದಿಂದ ತೆಗೆದು, ಉಳಿದದ್ದನ್ನು ಮುಂದಿನ ವರ್ಷಗಳಿಗೆ ಬಿಡುವುದು ಮುದಿ ಗಿಡಗಳಿಗೆ ಹೆಚ್ಚು ಸುರಕ್ಷಿತ. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೊ ಪೇಸ್ಟ್ ಬಳಿದರೆ ಶಿಲೀಂಧ್ರ ಹಿಡಿಯುವುದಿಲ್ಲ.

ಗುಲಾಬಿಗೆ ಮಳೆ ಮುಗಿದ ಅಕ್ಟೋಬರಿನಲ್ಲಿ ಕತ್ತರಿ ಹಾಕುವುದು ರೂಢಿ. ಒಣಗಿದ, ಒಂದಕ್ಕೊಂದು ಉಜ್ಜುವ, ಪೆನ್ಸಿಲಿಗಿಂತ ತೆಳುವಾದ ರೆಂಬೆಗಳನ್ನು ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನ ಮೇಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸಿದರೆ ಆರೇಳು ವಾರಗಳಲ್ಲಿ ಹೂ ಬರುತ್ತದೆ. ಪಾಳುಬಿದ್ದ ಹಿತ್ತಲಿನ ಗುಲಾಬಿಯಲ್ಲಿ ಒಂದು ವಿಷಯ ಪರೀಕ್ಷಿಸಬೇಕು: ಸೊಗಸಾಗಿ ಬೆಳೆದಿರುವ ಚಿಗುರು ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬಂದಿದ್ದರೆ ಅದು ಬೇರುಗಿಡದ್ದು. ಅದನ್ನು ಬುಡದಿಂದಲೇ ಸೀಳಿ ತೆಗೆಯದಿದ್ದರೆ ಮೇಲಿನ ಒಳ್ಳೆಯ ತಳಿ ಸೊರಗಿ ಸಾಯುತ್ತದೆ. ಮಲ್ಲಿಗೆಗೆ ನವೆಂಬರಿನಿಂದ ಜನವರಿಯ ನಡುವೆ ಕೆಲವು ವಾರ ನೀರು ನಿಲ್ಲಿಸಿ ಎಲೆ ಉದುರಿಸಬೇಕು. ಆಮೇಲೆ ನೆಲದಿಂದ ಒಂದೂವರೆ ಅಡಿಗೆ ಸವರಿ, ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಮಾರ್ಚಿನಿಂದ ಮೊಗ್ಗು ತುಂಬುತ್ತದೆ. ನೀರು ನಿಲ್ಲಿಸಲು ಮನಸ್ಸು ಬಾರದೆ ವರ್ಷವಿಡೀ ತಣಿಸಿದ ಮಲ್ಲಿಗೆ ಬರೀ ಎಲೆಯನ್ನೇ ಕೊಡುತ್ತದೆ.

ಹಿತ್ತಲಿನ ಮಲ್ಲಿಗೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಉಡುಪಿ ಬಳಿಯ ಶಂಕರಪುರವೇ ಸಾಕ್ಷಿ. ಅಲ್ಲಿ ದೊಡ್ಡ ಎಸ್ಟೇಟುಗಳಿಲ್ಲ. ಮನೆಯ ಅಂಗಳದಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ ಬೆಳೆದ ಗಿಡಗಳಿಂದ ಮನೆಮಂದಿ ಬೆಳಗಿನ ಜಾವವೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಒಯ್ಯುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೆ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಹೂ ಸುರಿದಾಗ ಇಳಿಯುತ್ತದೆ, ಮಳೆಗಾಲದಲ್ಲಿ ಮೊಗ್ಗು ಕಡಿಮೆಯಾಗಿ ಮದುವೆ, ಹಬ್ಬಗಳು ಸೇರಿದಾಗ ಏರುತ್ತದೆ. ಉಡುಪಿ, ಮೈಸೂರು, ಹಡಗಲಿ ಮಲ್ಲಿಗೆಗಳು ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಖರ್ಚು ನಡೆದದ್ದು ಈ ಗಿಡಗಳಿಂದಲೇ. ಅಂಗಳದ ಹೂವನ್ನು ಹೆಂಗಸರ ಹೊತ್ತುಗಳೆಯುವ ಹವ್ಯಾಸವೆಂದು ಕಾಣುವವರು ಈ ಲೆಕ್ಕವನ್ನು ಒಮ್ಮೆ ಗಮನಿಸಬೇಕು.

ಹೊಸ ಗಿಡ ನೆಡುವ ಮುನ್ನ ಮಣ್ಣು ಯಾವುದೆಂದು ನೋಡಬೇಕು. ಮೈಸೂರು, ಬೆಂಗಳೂರು ಕಡೆಯ ಕೆಂಪುಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ, ಸಾರವೂ ಕಡಿಮೆ. ಅದಕ್ಕೆ ಬೇಕಾದದ್ದು ಗೊಬ್ಬರ ಮತ್ತು ಹೊದಿಕೆ. ಧಾರವಾಡ, ವಿಜಯಪುರ, ಕಲಬುರಗಿಯ ಎರೆಮಣ್ಣು ಮಳೆಯಲ್ಲಿ ಅಂಟಾಗಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಬೇರು ಹರಿಯುತ್ತದೆ. ಅಲ್ಲಿ ಅರ್ಧ ಅಡಿ ಎತ್ತರಿಸಿದ ಪಾತಿ ಮಾಡಿ ಮರಳು, ಗೊಬ್ಬರ ಬೆರೆಸುವುದು ಅನಿವಾರ್ಯ. ಕರಾವಳಿಯ ಮುರಕಲ್ಲಿನ ಮಣ್ಣು ಹುಳಿಯಾದದ್ದು. ವರ್ಷಕ್ಕೊಮ್ಮೆ ಸ್ವಲ್ಪ ಸುಣ್ಣ ಅದಕ್ಕೆ ಹಿತ. ಮನೆ ಕಟ್ಟಿದಾಗಿನ ಸಿಮೆಂಟು, ಇಟ್ಟಿಗೆಚೂರು ಹೂತಿರುವ ಜಾಗದಲ್ಲಿ ಏನು ನೆಟ್ಟರೂ ಎಲೆ ಹಳದಿಯಾಗುತ್ತದೆ. ಅದನ್ನು ಅಗೆದು ಬೇರೆ ಮಣ್ಣು ತುಂಬದೆ ಬೇರೆ ದಾರಿಯಿಲ್ಲ.

ಬಿಸಿಲಿನ ಲೆಕ್ಕ ಇನ್ನೂ ಸೂಕ್ಷ್ಮ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಈ ಎರಡರ ನಡುವೆ ಅವನು ತುಸು ಉತ್ತರಕ್ಕಿರುವುದರಿಂದ ಮನೆಯ ಉತ್ತರದ ಪಕ್ಕಕ್ಕೂ ಬಿಸಿಲುಂಟು. ಡಿಸೆಂಬರಿಗೆ ಅವನು ಎಷ್ಟು ದಕ್ಷಿಣಕ್ಕೆ ವಾಲುತ್ತಾನೆಂದರೆ, 20 ಅಡಿ ಎತ್ತರದ ಮನೆಯ ನೆರಳು ನಡುಹಗಲಿನಲ್ಲೂ ಉತ್ತರಕ್ಕೆ ಸುಮಾರು 15 ಅಡಿ ಚಾಚಿರುತ್ತದೆ. ಮೇ ತಿಂಗಳಲ್ಲಿ ಬಿಸಿಲು ನೋಡಿ ಉತ್ತರದ ಗೋಡೆಯ ಬಳಿ ಗುಲಾಬಿ ನೆಟ್ಟವರಿಗೆ ಚಳಿಗಾಲದಲ್ಲಿ ಹೂ ಸಿಗದಿರುವುದು ಇದರಿಂದಲೇ. ಗುಲಾಬಿ, ಸೇವಂತಿಗೆ, ಚೆಂಡುಹೂ, ಮಲ್ಲಿಗೆಗಳಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಕನಕಾಂಬರ ಅರೆನೆರಳಲ್ಲೂ ಚೆನ್ನಾಗಿ ಹೂ ಕೊಡುತ್ತದೆ. ಬೆಗೋನಿಯಾ, ಆಂಥೂರಿಯಂ, ಬ್ರಹ್ಮಕಮಲಗಳಿಗೆ ಮರದಡಿಯ ತಂಪೇ ಇಷ್ಟ.

ಯಾವ ಹೂ ಆರಿಸಬೇಕು ಎಂಬಲ್ಲಿ ಜಿ. ಎಚ್. ಕೃಂಬಿಗಲ್ ಬೆಂಗಳೂರಿಗೆ ಹಾಕಿಕೊಟ್ಟ ಮಾದರಿ ಮನೆಯಂಗಳಕ್ಕೂ ಒಪ್ಪುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಈ ಜರ್ಮನ್ ತೋಟಗಾರಿಕಾ ತಜ್ಞ, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆಯ್ದರು. ಹಿತ್ತಲಿನಲ್ಲೂ ಹೀಗೆ ತಿಂಗಳ ಲೆಕ್ಕದಲ್ಲಿ ಆರಿಸಿದರೆ ಹೂಬುಟ್ಟಿ ಬರಿದಾಗುವುದಿಲ್ಲ. ಮಾರ್ಚಿನಿಂದ ಮಲ್ಲಿಗೆ, ಸಂಪಿಗೆ. ಮೇ ತಿಂಗಳ ಮೊದಲ ಮಳೆಗೆ ಮೇ ಫ್ಲವರಿನ ಕೆಂಪು ಚೆಂಡುಗಳು, ಅದರ ಹಿಂದೆಯೇ ಮಳೆಲಿಲ್ಲಿ. ಮಳೆಗಾಲದ ನಡುವಿನಿಂದ ಮಲೆನಾಡಿನ ಅಂಗಳಗಳಲ್ಲಿ ಡೇಲಿಯಾ, ಗೌರಿ ಹಬ್ಬದ ಹೊತ್ತಿಗೆ ಕರ್ಣಕುಂಡಲ, ಶರತ್ಕಾಲದ ಬೆಳಗುಗಳಿಗೆ ಪಾರಿಜಾತ. ದಸರೆಯಿಂದ ಸಂಕ್ರಾಂತಿಯವರೆಗೆ ಚೆಂಡುಹೂ, ಸೇವಂತಿಗೆ, ಸ್ಫಟಿಕ, ಆಸ್ಟರ್. ದಾಸವಾಳ, ಕನಕಾಂಬರ, ನಂದಿಬಟ್ಟಲು, ನಿತ್ಯಪುಷ್ಪ, ಶಂಖಪುಷ್ಪಗಳು ಈ ನಡುವೆ ಸುಮಾರು ವರ್ಷಪೂರ್ತಿ ಇರುತ್ತವೆ. ತಳಿ ಆರಿಸುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಆಸ್ಟರ್‌ನ ಕಾಮಿನಿ, ಪೂರ್ಣಿಮಾ, ಸುಗಂಧರಾಜದ ಪ್ರಜ್ವಲ್, ಸುವಾಸಿನಿ ಒಳ್ಳೆಯ ಆಯ್ಕೆಗಳು.

ಸೇವಂತಿಗೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಇದು ರಾತ್ರಿಯ ಕತ್ತಲು ದೀರ್ಘವಾದಾಗ ಮಾತ್ರ ಮೊಗ್ಗು ಕಟ್ಟುವ ಗಿಡ. ಬೀದಿದೀಪವೋ ಮನೆಯ ಹೊರದೀಪವೋ ರಾತ್ರಿಯಿಡೀ ಮೇಲೆ ಬೀಳುತ್ತಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಹೂ ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಜೂನ್, ಜುಲೈ ತಿಂಗಳಲ್ಲಿ ಬುಡದ ಕಂದುಗಳನ್ನು ಬಿಡಿಸಿ ಕತ್ತಲಿರುವ ಕಡೆ ನೆಟ್ಟು, ತಿಂಗಳ ಬಳಿಕ ಕುಡಿ ಚಿವುಟಿದರೆ ಒಂದರ ಬದಲು ನಾಲ್ಕಾರು ಕವಲು ಬರುತ್ತದೆ. ಚೆಂಡುಹೂವಿಗೆ ಜುಲೈಯಲ್ಲಿ ಬೀಜ ಚೆಲ್ಲಿ ಆಗಸ್ಟಿನಲ್ಲಿ ಸಸಿ ಕಿತ್ತು ನೆಟ್ಟರೆ ದಸರೆಯ ಮಾಲೆಗೆ ಸಿಗುತ್ತದೆ. ಇದರ ಬೇರು ಸ್ರವಿಸುವ ರಸ ಮಣ್ಣಿನ ಜಂತುಹುಳಗಳನ್ನು ತಗ್ಗಿಸುವುದರಿಂದ ಕನಕಾಂಬರದ ಪಕ್ಕದಲ್ಲಿ ಒಂದು ಸಾಲು ಹಾಕುವುದು ಜಾಣತನ.

ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಕಣಗಿಲೆ, ಉಮ್ಮತ್ತಿ, ಗೌರಿಹೂ ಎಂದೂ ಕೆಲವೆಡೆ ಕರೆಯುವ ಅಗ್ನಿಶಿಖೆ ಇವುಗಳ ಬಗ್ಗೆ ಎಚ್ಚರ ಬೇಕು. ಅಗ್ನಿಶಿಖೆಯ ಗಡ್ಡೆ, ಕಣಗಿಲೆಯ ಎಲೆ ಪ್ರಾಣಕ್ಕೇ ಮುಳುವಾಗಬಲ್ಲವು. ಕಣಗಿಲೆಯ ಸೌದೆಯನ್ನು ಒಲೆಗೆ ಹಾಕುವುದೂ ತಪ್ಪು.

ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟುತಿಗಣೆ ಮನೆತೋಟದ ನಿತ್ಯದ ಕಾಟ. ಅದು ಸ್ರವಿಸುವ ಸಿಹಿರಸಕ್ಕಾಗಿ ಇರುವೆಗಳು ಅದನ್ನು ಗಿಡದಿಂದ ಗಿಡಕ್ಕೆ ಸಾಗಿಸಿ ಕಾಯುತ್ತವೆ. ಇರುವೆಯ ದಾರಿ ತಪ್ಪಿಸದೆ ತಿಗಣೆ ತೊಲಗದು. ಹೆಚ್ಚು ಹಿಡಿದ ಕುಡಿ ಕತ್ತರಿಸಿ, ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಕೆಲವು ಹನಿ ಸೋಪಿನ ನೀರಿನಲ್ಲಿ ಕದಡಿ ಸಂಜೆಯ ಹೊತ್ತು ವಾರಕ್ಕೊಮ್ಮೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಅರಳಿದ ಹೂವಿನ ಮೇಲೆ ಯಾವುದನ್ನೂ ಸಿಂಪಡಿಸಬಾರದು, ತುಡುವೆ ಮತ್ತು ಮುಜಂಟಿ ಜೇನುಗಳು ಅಲ್ಲಿಗೇ ಬರುತ್ತವೆ. ಎಕ್ಕದ ಎಲೆ ತಿನ್ನುವ ಪಟ್ಟೆಹುಳ, ಕರಿಬೇವಿನ ಮೇಲಿನ ಹಸಿರು ಹುಳ ಚಿಟ್ಟೆಯಾಗುವಂಥವು. ಬೇಲಿಯಂಚಿನಲ್ಲಿ ಒಂದು ಎಕ್ಕದ ಗಿಡ ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ.

ಸೊಳ್ಳೆಯ ವಿಷಯದಲ್ಲಿ ಮಾತ್ರ ಯಾವ ಉದಾರತೆಯೂ ಸಲ್ಲದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ತೆಂಗಿನ ಗೆರಟೆ, ಬಿದ್ದ ಅಡಿಕೆ ಹಾಳೆ, ಕುಂಡದಡಿಯ ತಟ್ಟೆಯಲ್ಲಿ ನಿಂತ ಒಂದು ಲೋಟ ನೀರಿನಲ್ಲೂ ಎಂಟು ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರುತ್ತದೆ. ಅದರ ಮೊಟ್ಟೆ ನೀರಿಲ್ಲದೆಯೂ ಹಲವು ತಿಂಗಳು ಬದುಕಬಲ್ಲದು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಬೇಕು.

ಒಮ್ಮೆ ಬಿಡಿಸಿದ ಹಿತ್ತಲಿಗೆ ಮುಂದಿನ ಮೊದಲ ಮಳೆಯೇ ಪರೀಕ್ಷೆ. ಮಣ್ಣಿನಲ್ಲಿ ಉಳಿದ ಬೀಜಗಳೆಲ್ಲ ಒಮ್ಮೆಗೇ ಮೊಳೆಯುವುದು ಆಗ. ಮೊಳೆತ ಹತ್ತು ಹದಿನೈದು ದಿನದೊಳಗೆ ಕುರ್ಚಿಗೆಯಿಂದ ಕೆರೆದರೆ ಒಂದು ಬೆಳಗಿನ ಕೆಲಸ, ತಿಂಗಳು ಬಿಟ್ಟರೆ ವಾರದ ಕೆಲಸ. ಕೆರೆದ ಮೇಲೆ ಎರಡು ಮೂರು ಇಂಚು ದಪ್ಪಕ್ಕೆ ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ, ಕಾಂಡಕ್ಕೆ ತಾಗದಂತೆ ಬೆರಳಗಲ ಬಿಟ್ಟು ಹಾಸಿದರೆ ಹೊಸ ಕಳೆ ಏಳುವುದು ತೀರಾ ಕಡಿಮೆ; ಬೇಸಿಗೆಯಲ್ಲಿ ನೀರೂ ಉಳಿಯುತ್ತದೆ. ದಿನಾ ಚೂರುಚೂರು ನೀರು ಹಾಕುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬೇರಿನ ಆಳಕ್ಕೆ ಇಳಿಯುವಷ್ಟು ಕೊಟ್ಟರೆ ಗಿಡ ಗಟ್ಟಿಯಾಗುತ್ತದೆ. ಖಾಲಿ ಉಳಿದ ನೆಲವನ್ನು ಮುಚ್ಚಲು ಬೀಜವನ್ನು ಕೊಳ್ಳಲೇಬೇಕೆಂದಿಲ್ಲ. ಚೆಂಡುಹೂವಿನ ಒಣ ಹೂಗಳನ್ನು ಕಾಗದದ ಪೊಟ್ಟಣದಲ್ಲಿಟ್ಟರೆ ಮುಂದಿನ ವರ್ಷಕ್ಕಾಯಿತು. ಕರ್ಣಕುಂಡಲದ ಕಾಯಿ ಮುಟ್ಟಿದೊಡನೆ ಸಿಡಿಯುತ್ತದೆ, ಕನಕಾಂಬರದ ಒಣಕಾಯಿ ನೀರು ತಾಗಿದರೆ ಸಿಡಿಯುತ್ತದೆ. ಎರಡನ್ನೂ ಸಿಡಿಯುವ ಮೊದಲೇ ಬಟ್ಟೆಯ ಚೀಲದಲ್ಲಿ ಕಟ್ಟಿ ಬೀಜ ಹಿಡಿಯಬೇಕು. ದಾಸವಾಳ, ಮಲ್ಲಿಗೆ, ನಂದಿಬಟ್ಟಲಿನ ಕತ್ತರಿಸಿದ ರೆಂಬೆಗಳಲ್ಲಿ ಪೆನ್ಸಿಲಿನ ದಪ್ಪದವನ್ನು ಗೇಣುದ್ದಕ್ಕೆ ತುಂಡರಿಸಿ, ಕೆಳಗಿನ ಎಲೆ ತೆಗೆದು, ಜೂನಿನ ಮಳೆಗೆ ನೆರಳಿನಲ್ಲಿ ಊರಿದರೆ ಆರೆಂಟು ವಾರಗಳಲ್ಲಿ ಬೇರು ಬಿಡುತ್ತವೆ. ಡೇಲಿಯಾದ ಗಡ್ಡೆಯನ್ನು ಗಿಡ ಒಣಗಿದ ಮೇಲೆ ಕಿತ್ತು, ಒಣಮರಳಿನಲ್ಲಿ ಮುಚ್ಚಿ ತಂಪು ಜಾಗದಲ್ಲಿಟ್ಟು, ಮೇ ಕೊನೆಗೆ ಕಣ್ಣೊಡೆದ ತುಂಡುಗಳನ್ನು ಬೇರ್ಪಡಿಸಿ ನೆಡಬೇಕು. ಕಾಂಡದ ಬುಡದ ಕಣ್ಣಿಲ್ಲದ ಗಡ್ಡೆ ಎಷ್ಟೇ ದಪ್ಪವಿದ್ದರೂ ಮೊಳೆಯುವುದಿಲ್ಲ.